ಅಂಗಡಿ ಬೋರ್ಡಿನ ಮೇಲೆ ಇಲ್ಲದ ಹೆಸರು

ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗೆ ನೆಲ ಅಗೆಯುವಾಗ ಸಿಕ್ಕಿದ ಕಿತ್ತಯ್ಯನ ವೀರಗಲ್ಲು ಬೆಂಗಳೂರು ಸೀಮೆಯ ಅತಿ ಹಳೆಯ ಕನ್ನಡ ಶಾಸನಗಳಲ್ಲೊಂದು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಯಾರ ಆಳ್ವಿಕೆ, ಯಾವ ನಾಡು, ಏರಿ ಬಂದವರು ಯಾರು, ಕಾದಿ ಸತ್ತವನು ಯಾರು ಎಂಬುದೆಲ್ಲ ಅದರ ಕೆಲವೇ ಸಾಲುಗಳಲ್ಲಿ ಇದೆ. ಸತ್ತವನು ಮಾಡಿದ ಕೆಲಸವೇ ಅವನ ನೆನಪು. ಇದೇ ಸೀಮೆಯ, ಸತಿ ಹೋದ ಹೆಂಗಸರ ನೆನಪಿನ ಮಾಸ್ತಿಕಲ್ಲುಗಳನ್ನು ಪಕ್ಕದಲ್ಲಿಟ್ಟು ನೋಡಿ. ಕಂಬದಿಂದ ಹೊರಚಾಚಿದ ಒಂದು ತೋಳು, ಮೊಣಕೈಯಿಂದ ಮೇಲಕ್ಕೆತ್ತಿದ ಅಂಗೈ, ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಎಷ್ಟೋ ಕಲ್ಲುಗಳಲ್ಲಿ ಹೆಸರೂ ಇಲ್ಲ. ಹೆಸರು, ಊರು, ಮನೆತನ ಎಲ್ಲವನ್ನೂ ವಿವರವಾಗಿ ಹೇಳುವ 1057ರ ಬೆಳತೂರು ಶಾಸನ ಕೂಡ ದೇಕಬ್ಬೆ ಬೆಂಕಿ ಹೊಕ್ಕ ದಿನವನ್ನು ಹೇಳುತ್ತದೆಯೇ ಹೊರತು ಅದರ ಹಿಂದಿನ ದಿನಗಳಲ್ಲಿ ಆಕೆ ಏನು ಮಾಡಿಕೊಂಡಿದ್ದಳೆಂದು ಹೇಳುವುದಿಲ್ಲ. ಹೆಬ್ಬಾಳದಿಂದ ಕಲ್ಯಾಣ ನಗರಕ್ಕೆ ಹೊರವರ್ತುಲ ರಸ್ತೆಯಲ್ಲಿ ಅರ್ಧ ಗಂಟೆಯ ದಾರಿ, ಟ್ರಾಫಿಕ್ಕು ಕರುಣೆ ತೋರಿದರೆ. ಆ ದಾರಿಯುದ್ದಕ್ಕೂ ಇಂದು ಕಲ್ಲುಗಳ ಜಾಗದಲ್ಲಿ ಫ್ಲೆಕ್ಸುಗಳಿವೆ. ‘ಭಾವಪೂರ್ಣ ಶ್ರದ್ಧಾಂಜಲಿ’ಯ ಕೆಳಗೆ ಗಂಡಸಿನ ಫೋಟೊ ಇದ್ದರೆ ಮಾಜಿ ಸದಸ್ಯರು, ಗುತ್ತಿಗೆದಾರರು, ಮಾಲೀಕರು ಎಂದು ಕಸುಬು ಬರುತ್ತದೆ. ಹೆಂಗಸಿನ ಫೋಟೊ ಇದ್ದರೆ ಮಮತಾಮಯಿ, ತ್ಯಾಗಮಯಿ ಎಂದು ಗುಣ ಬರುತ್ತದೆ. ಸಾವಿರದ ಇನ್ನೂರು ವರ್ಷಗಳಲ್ಲಿ ಕಲ್ಲು ಬದಲಾಗಿದೆ, ಕೆತ್ತುವ ಕ್ರಮ ಅಷ್ಟಾಗಿ ಬದಲಾಗಿಲ್ಲ.

ಕಲ್ಯಾಣ ನಗರದಂಥ ಹೊಸ ಬಡಾವಣೆಯ ಹೆಂಗಸೊಬ್ಬಳು ತೊಂಬತ್ತರ ಹತ್ತಿರ ತೀರಿಕೊಂಡಾಗ ಮಕ್ಕಳು, ಮೊಮ್ಮಕ್ಕಳು ನೆನೆಯುವುದು ಮೂರು ಮಾತಿನಲ್ಲಿ: ಟೀಚರ್ ಆಗಿದ್ದರು, ಅಂಗಡಿ ನೋಡಿಕೊಳ್ಳುತ್ತಿದ್ದರು, ನಮ್ಮನ್ನು ಬೆಳೆಸಿದರು. ಈ ಮೂರರಲ್ಲಿ ಮೊದಲು ಉದುರಿಹೋಗುವುದು ನಡುವಿನದು. ಪಾಠ ಹೇಳುವುದು ಗೌರವದ ಕೆಲಸ, ತಾಯ್ತನ ಪೂಜೆಯ ವಿಷಯ. ಅಂಗಡಿ ಮಾತ್ರ ‘ಮನೆ ನಡೆಯಬೇಕಲ್ಲ’ ಎಂಬ ಸಮಜಾಯಿಷಿಯ ಜೊತೆ ಬರುತ್ತದೆ, ಆಮೇಲೆ ಸದ್ದಿಲ್ಲದೆ ಮಾಯವಾಗುತ್ತದೆ. ನನ್ನ ವಾದ ಇದಕ್ಕೆ ತಿರುಗುಮುರುಗು. ಈ ಮೂರು ಕೆಲಸ ಒಬ್ಬಳೇ ಹೆಂಗಸಿನಲ್ಲಿ ಕೂಡಿಬಂದದ್ದು ನಮ್ಮ ಚರಿತ್ರೆಯಲ್ಲಿ ತೀರ ಇತ್ತೀಚಿನ ಸಂಗತಿ, ಮತ್ತು ಅವುಗಳನ್ನು ಕೂಡಿಸಿ ಹಿಡಿದದ್ದು ಭಕ್ತಿಯಲ್ಲ, ತ್ಯಾಗವಲ್ಲ, ಅಂಗಡಿಯ ಲೆಕ್ಕ. ಆ ಲೆಕ್ಕ ಬಿಟ್ಟು ಆಕೆಯನ್ನು ನೆನೆದರೆ ಉಳಿಯುವುದು ಮಾಸ್ತಿಕಲ್ಲಿನ ತೋಳಷ್ಟೇ.

ಟೀಚರ್ ಮತ್ತು ತಾಯಿ ಎಂಬ ಎರಡು ಪದ ಇವತ್ತು ಒಂದನ್ನೊಂದು ಒತ್ತಿಕೊಂಡೇ ಇರುವಂತೆ ಕಾಣುತ್ತವೆ. ನೂರು ವರ್ಷದ ಹಿಂದೆ ಅವು ಒಂದನ್ನೊಂದು ಹೊರಗಿಡುವ ಪದಗಳಾಗಿದ್ದವು. ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ಶುರುವಾದದ್ದು 1840ರ ದಶಕದ ಆರಂಭದಲ್ಲಿ, ಲಂಡನ್ ಮಿಷನ್ನಿನ ಪಾದ್ರಿಗಳ ಹೆಂಡಂದಿರಾದ ಶ್ರೀಮತಿ ಸೀವೆಲ್ ಮತ್ತು ಶ್ರೀಮತಿ ರೈಸ್ ಅವರ ಮುತುವರ್ಜಿಯಿಂದ. ಮೈಸೂರಿನಲ್ಲಿ 1881ರಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ ಮಹಾರಾಣಿ ಬಾಲಿಕಾ ಪಾಠಶಾಲೆ ಬಂತು. ಶಾಲೆಗಳೇನೋ ಬಂದವು, ಪಾಠ ಹೇಳುವ ಹೆಂಗಸರು ಎಲ್ಲಿಂದ ಬರಬೇಕು? ಹತ್ತು ಹನ್ನೊಂದಕ್ಕೆ ಹುಡುಗಿ ಗಂಡನ ಮನೆಯ ದಾರಿ ಹಿಡಿಯುತ್ತಿದ್ದ ಕಾಲ. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹಕ್ಕೆ ತಡೆ ಹಾಕಿದಾಗಲೂ ಆ ತಡೆ ಮುಖ್ಯವಾಗಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳಿಗೆ. ಹೀಗಾಗಿ ಮೊದಲ ತಲೆಮಾರಿನ ಉಪಾಧ್ಯಾಯಿನಿಯರು ಬಹುಪಾಲು ಮೂರು ಬಗೆ: ದಂಡುಪ್ರದೇಶದ ಕಾನ್ವೆಂಟಿನ ಸನ್ಯಾಸಿನಿಯರು, ಮದುವೆಯಾಗದ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಿಸ್ಸುಗಳು, ಮತ್ತು ಮೇಲುಜಾತಿಯ ವಿಧವೆಯರು. ಮೂವರಿಗೂ ಸಾಮಾನ್ಯವಾದದ್ದು ಒಂದೇ, ತಾಯ್ತನದ ಬಾಗಿಲು ಅವರಿಗೆ ಮುಚ್ಚಿತ್ತು. ಇಂದಿಗೂ ಮೂರು ಮಕ್ಕಳ ತಾಯಿಯನ್ನು ನಮ್ಮ ಶಾಲೆಗಳಲ್ಲಿ ‘ಮಿಸ್’ ಎಂದು ಕರೆಯುವುದು ಆ ಕಾಲದ ಉಳಿಕೆಯೇ. ಇದು ಇಲ್ಲಿನ ವಿಶೇಷವೂ ಅಲ್ಲ. ಇಂಗ್ಲೆಂಡಿನಲ್ಲಿ ಮದುವೆಯಾದ ಶಿಕ್ಷಕಿಯನ್ನು ಕೆಲಸದಿಂದ ತೆಗೆಯುವ ಪದ್ಧತಿಗೆ ಕಾನೂನಿನ ತಡೆ ಬಂದದ್ದು 1944ರಲ್ಲಿ. ನಮ್ಮ ವಿದೇಶಾಂಗ ಸೇವೆಯಲ್ಲಿ ಮದುವೆಗೆ ಸರ್ಕಾರದ ಅಪ್ಪಣೆ ಬೇಕು, ಸಂಸಾರ ಕೆಲಸಕ್ಕೆ ಅಡ್ಡಿಯೆನಿಸಿದರೆ ರಾಜೀನಾಮೆ ಕೊಡಬೇಕು ಎಂಬ ನಿಯಮ ಹೆಂಗಸರಿಗಷ್ಟೇ ಇತ್ತು. ಕೊಡಗಿನ ಸಿ.ಬಿ. ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋಗಿ 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿಂದ ಛೀಮಾರಿ ಹಾಕಿಸುವ ತನಕ ಅದಕ್ಕೆ ಯಾರೂ ಕೈಹಚ್ಚಿರಲಿಲ್ಲ.

ವಿಧವೆ ಉಪಾಧ್ಯಾಯಿನಿಯ ದೀರ್ಘ ಬದುಕು ಹೇಗಿರುತ್ತಿತ್ತೆಂದು ಕನ್ನಡದಲ್ಲಿ ತಿಳಿಯಬೇಕಾದರೆ ನಂಜನಗೂಡು ತಿರುಮಲಾಂಬ ಅವರ ಹತ್ತಿರ ಹೋಗಬೇಕು. ಹುಟ್ಟಿದ್ದು 1887ರಲ್ಲಿ, ತೀರಿಕೊಂಡದ್ದು 1982ರಲ್ಲಿ. ವಿಕ್ಟೋರಿಯಾ ರಾಣಿಯ ಆಳ್ವಿಕೆಯಿಂದ ಬಣ್ಣದ ಟೀವಿಯವರೆಗೆ ಚಾಚಿದ 95 ವರ್ಷ. ಹತ್ತು ದಾಟುವುದರೊಳಗೆ ಮದುವೆ, ಹದಿಹರೆಯದಲ್ಲೇ ವೈಧವ್ಯ, ಆಮೇಲೆ ವಕೀಲರಾದ ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರ ಆಸರೆಯಲ್ಲಿ ಮನೆಯೊಳಗೇ ಓದು. 1913ರಲ್ಲಿ ಅವರು ‘ಸತೀ ಹಿತೈಷಿಣಿ’ ಎಂಬ ಗ್ರಂಥಮಾಲೆ ತೆರೆದರು. ‘ಸುಶೀಲೆ’ ಕಾದಂಬರಿ ಅದರ ಮೊದಲ ಫಸಲು. ಕೆಲವೇ ವರ್ಷಗಳಲ್ಲಿ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆ ಬಂತು. ಕನ್ನಡದಲ್ಲಿ ಹೆಂಗಸರಿಗಾಗಿ ಹೆಂಗಸೇ ಸಂಪಾದಕಿಯಾಗಿ ನಡೆಸಿದ ಮೊದಲ ಪತ್ರಿಕೆಯೆಂದು ಅದಕ್ಕೆ ಹೆಸರು. ನಂಜನಗೂಡಿನ ಮನೆಯಲ್ಲೇ ‘ಮಾತೃಮಂದಿರ’ ಎಂಬ ಪಾಠಶಾಲೆ. ಸಾಹಿತ್ಯ ಚರಿತ್ರೆಗಳು ಅವರನ್ನು ಲೇಖಕಿ ಎಂದು ಬರೆದುಕೊಂಡಿವೆ, ಸಮಾಜ ಸುಧಾರಣೆಯ ಚರಿತ್ರೆ ಸುಧಾರಕಿ ಎಂದು. ಆದರೆ ಗ್ರಂಥಮಾಲೆ ಎನ್ನುವುದು ಅಂಗಡಿಯೇ ಅಲ್ಲವೇ? ಕಾಗದ ಕೊಳ್ಳಬೇಕು, ಅಚ್ಚುಕೂಟದವರಿಗೆ ಮುಂಗಡ ಕೊಡಬೇಕು, ಪ್ರತಿಗಳನ್ನು ಕಟ್ಟಿ ಅಂಚೆಗೆ ಹಾಕಬೇಕು, ಚಂದಾ ಬಾಕಿ ಉಳಿಸಿಕೊಂಡವರಿಗೆ ಮರ್ಯಾದೆ ಕೆಡದಂತೆ ಕಾಗದ ಬರೆಯಬೇಕು, ಮಾರಾಟವಾಗದ ಪ್ರತಿಗಳನ್ನು ಗೆದ್ದಲಿನಿಂದ ಕಾಯಬೇಕು. ಮೊದಲ ಮಹಾಯುದ್ಧದಿಂದ ಕಾಗದದ ಬೆಲೆ ಏರುತ್ತಿದ್ದ ಕಾಲದಲ್ಲಿ ಇದನ್ನೆಲ್ಲ ಮಾಡಿದ್ದು ರಸ್ತೆಗೆ ಇಳಿಯುವುದೇ ತಪ್ಪೆನಿಸಿಕೊಂಡಿದ್ದ ಹೆಂಗಸು. ಅವರು ಇಟ್ಟ ಎರಡು ಹೆಸರುಗಳನ್ನು ಮತ್ತೆ ಗಮನಿಸಿ: ವಿಧವೆಯ ಅಂಗಡಿಗೆ ‘ಸತಿ’ಯ ಹೆಸರು, ಮಕ್ಕಳಿಲ್ಲದವರ ಶಾಲೆಗೆ ‘ಮಾತೆ’ಯ ಹೆಸರು. ಇದನ್ನು ಸಂಪ್ರದಾಯಕ್ಕೆ ಶರಣಾಗತಿ ಎಂದು ಓದುವವರಿದ್ದಾರೆ. ನನಗೆ ಅದು ವ್ಯಾಪಾರಿಯ ಜಾಣ್ಮೆಯಾಗಿ ಕಾಣುತ್ತದೆ. ‘ಶ್ರೀ ಲಕ್ಷ್ಮೀ ವೆಂಕಟೇಶ್ವರ ಪ್ರಾವಿಜನ್ ಸ್ಟೋರ್’ ಎಂಬ ಬೋರ್ಡಿನ ಹಿಂದೆ ಗಲ್ಲಾದ ಮೇಲೆ ಕೂತವರು ಯಾರೆಂದು ಬೋರ್ಡು ಹೇಳುವುದಿಲ್ಲ. ಗಿರಾಕಿ ಹೆದರದೆ ಒಳಗೆ ಬರಲಿ ಎಂಬುದಷ್ಟೇ ಬೋರ್ಡಿನ ಕೆಲಸ. ‘ಸತೀ ಹಿತೈಷಿಣಿ’ ಆ ಬಗೆಯ ಬೋರ್ಡು.

ತಿರುಮಲಾಂಬ ಒಬ್ಬರೇ ಅಲ್ಲ. ಬೆಂಗಳೂರಿನ ಆರ್. ಕಲ್ಯಾಣಮ್ಮ, ಅವರೂ ಬಾಲವಿಧವೆ, 1913ರಲ್ಲಿ ಶಾರದಾ ಸ್ತ್ರೀ ಸಮಾಜ ಕಟ್ಟಿದರು, 1921ರಲ್ಲಿ ‘ಸರಸ್ವತಿ’ ಪತ್ರಿಕೆ ಆರಂಭಿಸಿ ನಾಲ್ಕು ದಶಕ ನಡೆಸಿದರು, 1938ರಲ್ಲಿ ಚಾಮರಾಜಪೇಟೆಯ ಮಕ್ಕಳ ಕೂಟ ಕಟ್ಟಿದರು. ನಾಲ್ಕು ದಶಕ ಒಂದು ಮಾಸಪತ್ರಿಕೆಯನ್ನು ಉಸಿರಾಡಿಸಲು ಆದರ್ಶ ಸಾಲದು, ತಿಂಗಳ ಕೊನೆಯ ಬಿಲ್ಲು ತೀರಬೇಕು. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರದು ಇನ್ನೂ ನೇರ. ಮಾವ ಆನಂದರಾಯರು ತೆರೆದ ಕರ್ನಾಟಕ ಪ್ರೆಸ್ ಒಂದು ಕಡೆ, ಸೊಸೆ ನಡೆಸಿದ ತಿಲಕ ಕನ್ಯಾಶಾಲೆ ಇನ್ನೊಂದು ಕಡೆ. 1932ರಲ್ಲಿ ಅವರು ಯರವಡಾ ಜೈಲಿಗೆ ಹೋದಾಗ ಬ್ರಿಟಿಷ್ ಸರ್ಕಾರ ಪ್ರೆಸ್ಸನ್ನು ಮುಟ್ಟುಗೋಲು ಹಾಕಿಕೊಂಡಿತು, ಶಾಲೆಗೂ ಬೀಗ ಜಡಿಯಿತು. ಅಂಗಡಿಯೂ ಶಾಲೆಯೂ ಒಂದೇ ಮೈಯ ಎರಡು ಕೈ ಎಂಬುದು ನಮ್ಮ ಚರಿತ್ರೆಕಾರರಿಗಿಂತ ಮೊದಲು ಪೊಲೀಸರಿಗೆ ಹೊಳೆದಿತ್ತು! ಶತಮಾನದ ಹತ್ತಿರ ಬದುಕಿ 1992ರಲ್ಲಿ ತೀರಿಕೊಂಡ ಉಮಾಬಾಯಿ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯನ್ನಾಗಲಿ ತಾಮ್ರಪತ್ರವನ್ನಾಗಲಿ ಮುಟ್ಟಲಿಲ್ಲ. ಈ ಮೂವರನ್ನೂ ಊರವರು ಅಮ್ಮ, ಬಾಯಿ ಎಂದೇ ಕರೆದರು. ಹೆಸರಿನಲ್ಲಿ ತಾಯ್ತನ ಇತ್ತು, ತೊಟ್ಟಿಲಿನಲ್ಲಿ ಇರಲಿಲ್ಲ.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಸಾಲು ಹರಿದು ಬಂದಿದೆ, ಅದು ಇದಕ್ಕಿಂತ ಬಹಳ ಹಳೆಯದು. ಅಲ್ಲಿ ತಾಯಿಯೂ ಅಂಗಡಿಯೂ ಎಂದೂ ಬೇರೆಯಾಗಿದ್ದಿಲ್ಲ. ಅಕ್ಷರ ಮಾತ್ರ ದೂರ. ಹೂವಿನ ಮಾಲೆ ಮೊಳ ಹಾಕಿ ಕೊಡುವವಳು, ಬುಟ್ಟಿಯಲ್ಲಿ ಸೊಪ್ಪು ತರುವವಳು, ಮೀನು, ಪುರಿ, ಬಳೆ ಮಾರುವವಳು ಯಾವ ಊರಿನ ಸಂತೆಗೂ ಹೊಸಬಳಲ್ಲ. ಶಿವಾಜಿನಗರದಲ್ಲಿ 1933ರಲ್ಲಿ ರಸೆಲ್ ಮಾರ್ಕೆಟ್ಟಿನ ಕಟ್ಟಡ ತೆರೆಯುವ ಮುಂಚೆಯೂ ದಂಡಿನ ಹೊಟ್ಟೆ ತುಂಬಿಸುತ್ತಿದ್ದ ಸಂತೆಗಳಲ್ಲಿ ಸುತ್ತಲ ಹಳ್ಳಿಯ ಹೆಂಗಸರಿದ್ದರು. ಕಲ್ಯಾಣದ ಶರಣೆಯರ ಪಟ್ಟಿಯನ್ನೇ ತೆಗೆದುಕೊಳ್ಳಿ. ನೂಲುವ ಕದಿರೆ ರೆಮ್ಮವ್ವೆ, ಬತ್ತ ಕುಟ್ಟುವ ಕೊಟ್ಟಣದ ಸೋಮವ್ವೆ, ಚೆಲ್ಲಿದ ಅಕ್ಕಿ ಆಯುವ ಮಾರಯ್ಯನ ಹೆಂಡತಿ ಲಕ್ಕಮ್ಮ. ಹೆಸರಿನ ಮುಂದೆ ಗುಣವಿಲ್ಲ, ಕಾಯಕ ಇದೆ. ಗಂಡ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದ ಪ್ರಸಂಗವನ್ನು ವೈರಾಗ್ಯದ ಪಾಠವಾಗಿ ಓದುವುದು ರೂಢಿ. ಅದನ್ನು ಅಳತೆಯ ಪಾಠವಾಗಿಯೂ ಓದಬಹುದು. ಎಂದಿನ ಅಕ್ಕಿ ಎಷ್ಟು, ಇಂದಿನದು ಎಷ್ಟು ಎಂದು ಕಣ್ಣಳತೆಯಲ್ಲೇ ತಿಳಿದವಳು, ಆ ಲೆಕ್ಕ ಹಿಡಿದು ಗಂಡನಿಗೆ ತತ್ವ ಹೇಳಿದವಳು. ಲೆಕ್ಕ ಬಲ್ಲವಳೇ ಗುರುವಾದ ಪ್ರಸಂಗ ಅದು.

ಅದೇ ಕಲ್ಯಾಣದಲ್ಲಿ, ಶರಣರಿಗಿಂತ ಅರ್ಧ ಶತಮಾನ ಹಿಂದೆ, ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. (ಬೆಂಗಳೂರಿನ ಕಲ್ಯಾಣ ನಗರಕ್ಕೂ ಬಸವಕಲ್ಯಾಣಕ್ಕೂ ಹೆಸರಿನ ಹೋಲಿಕೆಯಷ್ಟೇ, ನೆಂಟಸ್ತನ ಹುಡುಕುವುದು ಬೇಡ.) ಹೆಂಗಸಿನ ದುಡಿಮೆ ಯಾರದು ಎಂಬ ಪ್ರಶ್ನೆಗೆ ಕಾತ್ಯಾಯನ ಸ್ಮೃತಿ ಹಿಂದೆಯೇ ಬಿಗಿಯಾಗಿ ಉತ್ತರ ಹೇಳಿತ್ತು: ತವರಿನವರು ಪ್ರೀತಿಯಿಂದ ಕೊಟ್ಟದ್ದು ಆಕೆಯದು, ಕೈಕಸುಬಿನಿಂದ ಗಳಿಸಿದ್ದರ ಮೇಲೆ ಗಂಡನ ಒಡೆತನ. ಎಂದರೆ ಪಡೆದದ್ದು ನಿನ್ನದು, ದುಡಿದದ್ದು ನಿನ್ನದಲ್ಲ. ವಿಜ್ಞಾನೇಶ್ವರ ಯಾಜ್ಞವಲ್ಕ್ಯನ ಪಟ್ಟಿಯ ಕೊನೆಯಲ್ಲಿದ್ದ ‘ಆದ್ಯ’ ಎಂಬ ಒಂದು ಪದವನ್ನು ಹಿಗ್ಗಿಸಿ ಪಿತ್ರಾರ್ಜಿತ, ಕ್ರಯ, ಪಾಲು, ಸಿಕ್ಕಿದ್ದು ಎಲ್ಲವೂ ಸ್ತ್ರೀಧನವೇ ಎಂದು ವಾದಿಸಿದ. ಬ್ರಿಟಿಷರ ಪ್ರಿವಿ ಕೌನ್ಸಿಲ್ ಆಮೇಲೆ ಪಿತ್ರಾರ್ಜಿತದ ವಿಷಯದಲ್ಲಿ ಆ ಹಿಗ್ಗನ್ನು ಮತ್ತೆ ಕುಗ್ಗಿಸಿತು. ಬ್ರಿಟಿಷ್ ಭಾರತದ 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆ ಹೆಂಡತಿಯ ಸಂಬಳ, ವ್ಯಾಪಾರದ ಗಳಿಕೆ ಆಕೆಯದೇ ಎಂದು ಸ್ಪಷ್ಟವಾಗಿ ಹೇಳಿತಾದರೂ ಹಿಂದೂ, ಮುಸ್ಲಿಂ, ಬೌದ್ಧ, ಸಿಖ್, ಜೈನ ಹೆಂಗಸರನ್ನು ಅದರಿಂದ ಹೊರಗಿಟ್ಟಿತು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು ಬ್ರಿಟಿಷ್ ಭಾರತಕ್ಕಿಂತ ನಾಲ್ಕು ವರ್ಷ ಮುಂದೆ ನಿಂತಿತು. ಆದರೆ 1881ರಿಂದ 1947ರವರೆಗೆ ಹಲಸೂರು, ಶಿವಾಜಿನಗರ, ಫ್ರೇಜರ್ ಟೌನ್‌ಗಳಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಬ್ರಿಟಿಷ್ ಆಡಳಿತದ ನೆಲ. ಅದರ ಗಡಿಯಾಚೆಯ ಹಳ್ಳಿಗಳು ಸಂಸ್ಥಾನದವು. ಒಂದೇ ಸಂತೆಗೆ ಬರುವ ಇಬ್ಬರು ಹಿಂದೂ ಹೆಂಗಸರು, ಒಬ್ಬಳು ಗಡಿಯ ಈಚೆ, ಒಬ್ಬಳು ಆಚೆ, ಎರಡು ಕಾನೂನಿನ ಕೆಳಗೆ ಬದುಕಿದರು. ಗಡಿ ಅಳಿದು ಸಂಸ್ಥಾನದ ಕಾನೂನುಗಳು ಸ್ಟೇಷನ್ನಿಗೆ ಹಬ್ಬಿದ್ದು 1948ರಲ್ಲಿ. ಕೊನೆಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನಲ್ಲಿ, ಹೆಂಗಸು ತನ್ನ ಸ್ವಂತ ಕುಶಲತೆ ಅಥವಾ ಪರಿಶ್ರಮದಿಂದ ಗಳಿಸಿದ ಆಸ್ತಿಗೆ ಆಕೆಯೇ ಪೂರ್ಣ ಒಡತಿ ಎಂಬ ಮಾತು ಬಂತು. ಕೈಕಸುಬಿನ ಮೇಲೆ ಕಾತ್ಯಾಯನ ಹಾಕಿದ್ದ ಬೀಗ ತೆಗೆಯಲು ಇಷ್ಟು ಶತಮಾನ ಹಿಡಿಯಿತು.

ಈ ಎರಡು ಸಾಲು, ತಾಯಿಯಾಗಲಾರದ ಉಪಾಧ್ಯಾಯಿನಿ ಮತ್ತು ಅಕ್ಷರವಿಲ್ಲದ ಅಂಗಡಿಯ ತಾಯಿ, ಸಂಧಿಸಿದ್ದು ಸ್ವಾತಂತ್ರ್ಯಾನಂತರದ ಬಡಾವಣೆಗಳಲ್ಲಿ. ಕಲ್ಯಾಣ ನಗರ ಅಂಥದೊಂದು ಜಾಗ. 1898ರ ಪ್ಲೇಗಿನ ಆಮೇಲೆ ದಂಡುಪ್ರದೇಶ ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್, ಕುಕ್ ಟೌನ್ ಎಂದು ಉತ್ತರಕ್ಕೂ ಪೂರ್ವಕ್ಕೂ ಕೈಚಾಚಿತು. ಅದರಾಚೆ ಬಾಣಸವಾಡಿ, ಕಮ್ಮನಹಳ್ಳಿ, ಕಾಚರಕನಹಳ್ಳಿ, ಚೇಳೆಕೆರೆ, ಹೆಣ್ಣೂರುಗಳ ಹೊಲ, ತೋಟ, ಕೆರೆ ಉಳಿದಿದ್ದವು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಬಂದ ಮೇಲೆ ಹೆಣ್ಣೂರು ರಸ್ತೆ ಬಾಣಸವಾಡಿ ರಸ್ತೆ ಬಡಾವಣೆ, ಜನರ ಬಾಯಲ್ಲಿ ಎಚ್‌ಆರ್‌ಬಿಆರ್ ಲೇಔಟ್, ಆ ಹೊಲಗಳ ಮೇಲೆ ಎದ್ದಿತು. ಸೈಟು, ಸೈಟಿನ ಮೇಲೆ ಮನೆ, ಮನೆಯ ರಸ್ತೆ ಕಡೆಯ ಕೋಣೆಗೆ ಒಂದು ರೋಲಿಂಗ್ ಷಟರ್. ಚರಿತ್ರೆ ಬರೆಯುವವರು ಬ್ರಿಗೇಡ್ ರೋಡನ್ನೂ ಚಿಕ್ಕಪೇಟೆಯನ್ನೂ ಬರೆದಿದ್ದಾರೆ. ಈ ಷಟರಿನ ಮೇಲೆ ಒಂದು ಪುಟವೂ ಸವೆದಿಲ್ಲ. ಆದರೆ ಹೆಂಗಸು ಮಗುವನ್ನು ತೊಡೆಯ ಮೇಲಿಟ್ಟುಕೊಂಡೇ ಗಲ್ಲಾದಲ್ಲಿ ಕೂರಬಹುದಾದ, ಗಿರಾಕಿ ಇಲ್ಲದ ಹೊತ್ತು ಪಕ್ಕದ ಮನೆಯ ಮಕ್ಕಳಿಗೆ ಮಗ್ಗಿ ಹೇಳಿಕೊಡಬಹುದಾದ, ಒಲೆಯ ಮೇಲಿನ ಕುಕ್ಕರಿನ ಸೀಟಿ ಎಣಿಸಬಹುದಾದ ಜಾಗ ಅದೊಂದೇ. ಬೆಳಗ್ಗೆ ಖಾಸಗಿ ಶಾಲೆಯಲ್ಲಿ ‘ಮಿಸ್’, ಸಂಜೆ ಕೌಂಟರಿನ ಹಿಂದೆ ‘ಆಂಟಿ’, ರಾತ್ರಿ ‘ಅಮ್ಮ’. ಶಾಲೆಯ ಸಂಬಳ ತಿಂಗಳಿಗೊಮ್ಮೆ, ಅದೂ ಸಣ್ಣದು. ಅಂಗಡಿಯ ಚಿಲ್ಲರೆ ದಿನವೂ ಬರುತ್ತದೆ. ಉದ್ದರಿ ಪುಸ್ತಕದಲ್ಲಿ ಬೀದಿಯ ಅರ್ಧ ಮನೆಗಳ ಹೆಸರಿರುತ್ತದೆ, ಚೀಟಿಯ ಕಂತು ಅದೇ ಗಲ್ಲಾದಿಂದ ಹೋಗುತ್ತದೆ, ಮಕ್ಕಳ ಫೀಸು ಆ ಚೀಟಿ ಎತ್ತಿದ ತಿಂಗಳು ಕಟ್ಟಲಾಗುತ್ತದೆ. ಸಂಬಳ ತಡವಾದರೂ ಆಕೆ ಶಾಲೆ ಬಿಡದೆ ಇರುವುದಕ್ಕೂ ಮಕ್ಕಳನ್ನು ನಡುವೆ ಓದು ಬಿಡಿಸದೆ ಇರುವುದಕ್ಕೂ ಆ ದಿನದ ಚಿಲ್ಲರೆಯೇ ಆಧಾರ. ಅಂಗಡಿಯೇ ನಡುಗಂಬ ಎಂದು ನಾನು ಹೇಳುವುದು ಇದಕ್ಕೆ.

ಹಾಗಾದರೆ ಆ ಕಂಬ ದಾಖಲೆಯಲ್ಲಿ ಯಾಕೆ ಕಾಣುವುದಿಲ್ಲ? ಯಾಕೆಂದರೆ ಕಾಗದಗಳಿಗೆ ಒಬ್ಬರಿಗೆ ಒಂದೇ ಕಸುಬು ಬೇಕು, ಹೆಂಗಸಿಗೆ ಅದೂ ಬೇಡ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನೌಕರ ಎಂದರೆ ಯಾರೆಂದು ಹೇಳುವಾಗ ಮಾಲೀಕನ ಮನೆಯವರನ್ನು ಬಿಟ್ಟುಬಿಡುತ್ತದೆ. ಲೈಸೆನ್ಸು ಗಂಡನ ಹೆಸರಿನಲ್ಲಿದ್ದರೆ ದಿನಕ್ಕೆ ಎಂಟು ಗಂಟೆ ಕೌಂಟರಿನಲ್ಲಿ ನಿಂತವಳು ಮಾಲೀಕಳೂ ಅಲ್ಲ, ನೌಕರಳೂ ಅಲ್ಲ. ಸರ್ಕಾರಿ ಶಾಲೆಯ ಟೀಚರಾದರೆ 1966ರ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಅಪ್ಪಣೆಯಿಲ್ಲದೆ ವ್ಯಾಪಾರ ಮಾಡುವಂತೆಯೇ ಇರಲಿಲ್ಲ; ಆಗ ಅಂಗಡಿ ಮೈದುನನದೋ ದೇವರದೋ ಆಗಲೇಬೇಕಿತ್ತು. ಜನಗಣತಿಯ ಕಥೆ ಇದಕ್ಕಿಂತ ದೊಡ್ಡದು. 1961ರ ಗಣತಿಯಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ದುಡಿದವರನ್ನೂ ದುಡಿಯುವವರೆಂದು ಎಣಿಸುವ ಉದಾರ ಅಳತೆ ಇತ್ತು. 1971ರಲ್ಲಿ ನಿಮ್ಮ ಮುಖ್ಯ ಚಟುವಟಿಕೆ ಏನು ಎಂಬ ಪ್ರಶ್ನೆ ಬಂತು, ಮನೆಗೆಲಸ ಎಂದವಳು ದುಡಿಯದವರ ಪಟ್ಟಿಗೆ ಹೋದಳು. ಹತ್ತು ವರ್ಷದಲ್ಲಿ ದೇಶದ ದುಡಿಯುವ ಹೆಂಗಸರ ಪ್ರಮಾಣ ಸುಮಾರು ಅರ್ಧಕ್ಕೆ ಕುಸಿಯಿತು. ಕೋಟಿಗಟ್ಟಲೆ ಹೆಂಗಸರು ಇದ್ದಕ್ಕಿದ್ದ ಹಾಗೆ ಕೆಲಸ ಬಿಟ್ಟರೆಂದು ಯಾರೂ ನಂಬಲಿಲ್ಲ. ಕುಸಿತದ ಬಹುಪಾಲು ಬದಲಾದ ಪ್ರಶ್ನೆಯದು. ಗಣತಿದಾರ ಬಾಗಿಲಿಗೆ ಬಂದಾಗ ಉತ್ತರ 1971ರಲ್ಲೂ ಹೆಚ್ಚಾಗಿ ಗಂಡಸೇ ಹೇಳುತ್ತಿದ್ದ. ‘ಮನೇಲೇ ಇರ್ತಾಳೆ’ ಎಂಬ ಅವನ ಉತ್ತರ ಸುಳ್ಳೂ ಅಲ್ಲ, ಅಂಗಡಿ ಮನೆಯಲ್ಲೇ ಇತ್ತಲ್ಲ.

ಇಷ್ಟಕ್ಕೆ ಬರುವ ಮೊದಲ ಆಕ್ಷೇಪ ಹಳೆಯದು: ಗುರುವನ್ನು ವ್ಯಾಪಾರಿಯ ಪಕ್ಕ ಕೂರಿಸಿದರೆ ಗುರುವಿಗೆ ಅವಮಾನವಲ್ಲವೇ? ವಿದ್ಯಾವಿಕ್ರಯವನ್ನು ಧರ್ಮಶಾಸ್ತ್ರಗಳು ಹಳಿದಿವೆ. ಹೊಟ್ಟೆಪಾಡಿಗಷ್ಟೇ ಓದನ್ನು ಬಳಸುವವನು ಜ್ಞಾನದ ವರ್ತಕ ಎಂಬ ಅಣಕ ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲೂ ಇದೆ. ಆದರೆ ಈ ಹಳಿಕೆ ಯಾರ ಬಾಯಿಂದ ಬಂತು? ಅರಮನೆಯ ಸಂಬಳವೋ ಅಗ್ರಹಾರದ ದತ್ತಿಯೋ ಇದ್ದವರ ಬಾಯಿಂದ. ಪಾಠ ಮಾರಬಾರದು ಎನ್ನಲು ಹಿಂದೆ ಬತ್ತದ ಗದ್ದೆ ಇರಬೇಕು. ಗದ್ದೆಯಿಲ್ಲದ ಹೆಂಗಸು ಪಾಠವನ್ನು ಅಗ್ಗವಾಗಿ ಕೊಡಬೇಕೆಂದಿದ್ದರೆ ಬೇರೇನಾದರೂ ಮಾರಲೇಬೇಕು, ಅದು ಕಾದಂಬರಿಯಾಗಲಿ ಕಡಲೆಬೇಳೆಯಾಗಲಿ. ಅಂಗಡಿ ಇದ್ದಲ್ಲಿ ಪಾಠ ಮಾರಾಟದಿಂದ ಪಾರಾಗುತ್ತದೆ ಎಂಬುದು ಇದರ ತಮಾಷೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ತಂದೆಯ ಮನೆಯ ನೆರಳಿದ್ದ ಅಯ್ಯಂಗಾರ್ ವಿಧವೆಯನ್ನೂ ಷಟರ್ ಎಳೆಯುವ ಬಡಾವಣೆಯ ಗೃಹಿಣಿಯನ್ನೂ ಒಂದೇ ದಾರದಲ್ಲಿ ಪೋಣಿಸುವುದು ಸರಿಯೇ? ಜಾತಿ ಬೇರೆ, ಹಸಿವು ಬೇರೆ, ಗೌರವದ ಮೊತ್ತ ಬೇರೆ. ಈ ವ್ಯತ್ಯಾಸವನ್ನು ಒಪ್ಪುತ್ತೇನೆ, ಅದಕ್ಕೇ ಸಂತೆಯ ಹೆಂಗಸರ ಸಾಲನ್ನು ಬೇರೆಯಾಗಿ ಹೇಳಿದ್ದು. ತಿರುಮಲಾಂಬ ಹಸಿವಿಗಾಗಿ ಪ್ರಕಾಶನಕ್ಕೆ ಇಳಿಯಲಿಲ್ಲ. ಆದರೆ ಇದೇ ನನ್ನ ವಾದಕ್ಕೆ ಒತ್ತಾಸೆ. ಹಸಿವಿಲ್ಲದ ಕಡೆಯೂ ಹೆಂಗಸು ತನ್ನದೇ ಒಂದು ಗಲ್ಲಾ ತೆರೆದಳೆಂದರೆ ಅಂಗಡಿ ಬರಿಯ ಬಡತನದ ಕುರುಹಲ್ಲ. ಬರೆದದ್ದನ್ನು ಅಚ್ಚು ಹಾಕಲೋ ಬೇಡವೋ ಎಂದು ಇನ್ನೊಬ್ಬರ ಮುಖ ನೋಡದೆ ಇರುವುದಕ್ಕೂ ಮಗಳನ್ನು ಕಾಲೇಜಿಗೆ ಸೇರಿಸಲೋ ಬೇಡವೋ ಎಂದು ಯಾರನ್ನೂ ಕೇಳದೆ ಇರುವುದಕ್ಕೂ ಬೇಕಾದ ದುಡ್ಡು ಒಂದೇ ಜಾತಿಯದು: ತನ್ನ ಕೈಯಿಂದ ಎಣಿಸಿದ ದುಡ್ಡು.

ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಮೂರು ಕೆಲಸ ಮಾಡಿದ್ದನ್ನು ಹೀಗೆ ಹಾಡಿ ಹೊಗಳಿದರೆ ಮೂರು ಹೊರೆ ಹೊರಿಸಿದ್ದನ್ನೇ ಹೊಗಳಿದಂತಾಗದೇ? ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ತೊಡಗುವ ಗಂಡಸರು 97 ನಿಮಿಷ. ಐದು ಗಂಟೆಯ ಮೇಲೆ ಶಾಲೆ, ಅದರ ಮೇಲೆ ಅಂಗಡಿ. ಇದು ಸ್ವಾತಂತ್ರ್ಯದ ಚಿತ್ರವಲ್ಲ. ಆದರೆ ‘ತ್ಯಾಗಮಯಿ’ ಎಂಬ ಪದ ಈ ಹೊರೆಯನ್ನು ಇಳಿಸುವುದೂ ಇಲ್ಲ, ತೂಗುವುದೂ ಇಲ್ಲ; ಹೂ ಹೊದಿಸಿ ಮುಚ್ಚುತ್ತದೆ. ಮಕ್ಕಳು ಪ್ರೀತಿಯಿಂದ ಆ ಪದ ಬಳಸುತ್ತಾರೆ, ಅವರ ಪ್ರೀತಿಯನ್ನು ನಾನು ಅನುಮಾನಿಸುತ್ತಿಲ್ಲ. ಎಷ್ಟು ಗಂಟೆ, ಎಷ್ಟು ರೂಪಾಯಿ, ಯಾರ ಹೆಸರಿನಲ್ಲಿ ಎಂದು ಕೇಳಿದಾಗ ಮಾತ್ರ ಹೊರೆಯ ತೂಕವೂ ತಿಳಿಯುತ್ತದೆ, ಅದನ್ನು ಹೊತ್ತವಳ ಚಾತುರ್ಯವೂ ತಿಳಿಯುತ್ತದೆ. ಕಿತ್ತಯ್ಯನ ಕಲ್ಲು ಅಷ್ಟನ್ನಾದರೂ ಅವನಿಗೆ ಕೊಟ್ಟಿದೆ.

ತಿರುಮಲಾಂಬ ಅವರ ಹೆಸರಿನಲ್ಲಿ ಜಯನಗರದ ಎನ್‌ಎಂಕೆಆರ್‌ವಿ ಮಹಿಳಾ ಕಾಲೇಜಿನ ‘ಶಾಶ್ವತಿ’ ಸಂಸ್ಥೆ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತ ಬಂದಿದೆ. ಲೇಖಕಿ ತಿರುಮಲಾಂಬ ಹೀಗೆ ಉಳಿದಿದ್ದಾರೆ. ‘ಸತೀ ಹಿತೈಷಿಣಿ’ಯ ಒಡತಿ ತಿರುಮಲಾಂಬ ಅಷ್ಟು ಉಳಿದಿಲ್ಲ. ಕಲ್ಯಾಣ ನಗರದ ಷಟರುಗಳ ಗತಿ ಇದಕ್ಕಿಂತ ಬೇಗ ಮುಗಿಯುವಂಥದು. ಮುಖ್ಯರಸ್ತೆಯ ಕಡೆಯ ಮನೆಗಳು ಕೆಫೆಗಳೂ ಬಟ್ಟೆ ಅಂಗಡಿಗಳೂ ಆಗುತ್ತಿವೆ, ದಿನಸಿ ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಬರುತ್ತದೆ. ಮುದುಕಿ ತೀರಿಕೊಂಡ ಮನೆಯಲ್ಲಿ ಮಕ್ಕಳು ಶಾಲೆಯ ಕಾಗದಪತ್ರಗಳನ್ನು ಎತ್ತಿಡುತ್ತಾರೆ, ಫೋಟೊಗೆ ಚೌಕಟ್ಟು ಹಾಕಿಸುತ್ತಾರೆ. ಅರಿಶಿನ ಕುಂಕುಮ ಹಚ್ಚಿದ ರಟ್ಟಿನ ಉದ್ದರಿ ಪುಸ್ತಕಗಳು, ಒಂದೊಂದು ಪುಟದ ತಲೆಯ ಮೇಲೂ ಒಂದೊಂದು ಮನೆಯ ಹೆಸರು, ಕೆಳಗೆ ಆಕೆಯ ಕೈಬರಹದಲ್ಲಿ ಅಕ್ಕಿ, ಸಕ್ಕರೆ, ಸೋಪು, ‘ಬಂತು’, ‘ಬಾಕಿ’, ಹಳೆಯ ಪೇಪರಿನ ಜೊತೆ ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗುತ್ತವೆ.